ಸೋಮವಾರದವರೆಗೆ

ಹಲ್ಲು ಮುರಿದ ಮೇಲೆ ಬಾಯಿಯ ಯಜಮಾನಿಕೆ ನಾಲಿಗೆಗೆ ಹೋಗುತ್ತದೆ. ಅಲ್ಲಿಯವರೆಗೆ ತನ್ನ ಪಾಡಿಗೆ ಬಿದ್ದಿದ್ದದ್ದು ಈಗ ನಿಮಿಷಕ್ಕೊಮ್ಮೆ ಎದ್ದು ಹೋಗಿ ಮುರಿದ ಜಾಗವನ್ನು ಮುಟ್ಟಿ ಬರುತ್ತದೆ. ಬೇಡ ಅಂದರೆ ಇನ್ನೂ ಜಾಸ್ತಿ. ಪಕ್ಕದ ಮನೆಯಲ್ಲಿ ಜಗಳವಾದರೆ ಬಟ್ಟೆ ಒಣಗಿಸುವ ನೆಪದಲ್ಲಿ ಅಂಗಳಕ್ಕೆ ಬಂದು ನಿಲ್ಲುವವರ ಹಾಗೆ. ಅದು ತರುವ ಸುದ್ದಿಯನ್ನೂ ನಂಬುವಂತಿಲ್ಲ. ನಾಲಿಗೆಯ ತುದಿಗೆ ಸಣ್ಣ ತೂತೂ ದೊಡ್ಡದಾಗಿಯೇ ತೋರುವುದು. ಅರ್ಧ ಹಲ್ಲೇ ಹೋಯಿತು ಅಂತ ಮೊಬೈಲ್ ಟಾರ್ಚ್ ಹಿಡಿದು ಕನ್ನಡಿ ನೋಡಿದರೆ, ಹೋಗಿದ್ದು ದವಡೆ ಹಲ್ಲಿನ ಒಂದು ಮೂಲೆ.

ಆ ಮೂಲೆ ತೆಗೆದದ್ದು ಸಾಂತಾಣಿ. ಹಲಸಿನ ಬೀಜವನ್ನು ಉಪ್ಪು ಹಾಕಿ ಬೇಯಿಸಿ, ಬೇಸಗೆಯ ಬಿಸಿಲಲ್ಲಿ ಕಟಕಟ ಅನ್ನುವವರೆಗೆ ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುವುದು. ಆಟಿಯ, ಅಂದರೆ ಜುಲೈ–ಆಗಸ್ಟಿನ ತುಳು ತಿಂಗಳಿನ, ಮಳೆಗೆ ಒಂದೊಂದೇ ಬಾಯಿಗೆ ಹಾಕಿ, ಎಂಜಲಲ್ಲಿ ನೆನೆಸಿ ನೆನೆಸಿ ತಿನ್ನಬೇಕು. ಅವಸರದವರ ತಿಂಡಿಯಲ್ಲ.

ಹಲ್ಲು ಮುರಿಯುವುದು ಶನಿವಾರ ಸಂಜೆಯೇ, ಡಾಕ್ಟರು ಶಟರ್ ಎಳೆದ ಮೇಲೆ. ನಮ್ಮ ಉಡುಪಿಯ ಕಡೆ ಹಲ್ಲಿನ ಡಾಕ್ಟರಿಗೆ ಬರವೇನಿಲ್ಲ. ಮಣಿಪಾಲದ ದಂತ ಕಾಲೇಜು 1965ರಿಂದ ಉಂಟು. ಮಂಗಳೂರು, ದೇರಳಕಟ್ಟೆ ಕಡೆ ಹೋದರೆ ಮತ್ತೂ ಇವೆ. ಆದರೆ ಭಾನುವಾರ ಅಂದರೆ ಭಾನುವಾರ.

ಹೊರಗಿನ ಎನಾಮಲ್ ನಮ್ಮ ಮೈಯಲ್ಲೇ ಅತ್ಯಂತ ಗಟ್ಟಿ ವಸ್ತು. ಗಟ್ಟಿ ಸರಿ, ಆದರೆ ಎಲುಬಿನ ಹಾಗೆ ಮತ್ತೆ ಕೂಡಿಕೊಳ್ಳುವುದಿಲ್ಲ. ಹೋದರೆ ಹೋಯಿತು. ಅದರ ಅಡಿಯ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು. ತಣ್ಣೀರು ಬಿದ್ದರೆ ಅವುಗಳೊಳಗಿನ ದ್ರವ ಅಲುಗಿ ನರಕ್ಕೆ ಸುದ್ದಿ ಮುಟ್ಟಿಸುತ್ತದೆ, ಜುಂ ಅನ್ನುತ್ತದೆ. ಗಡ್‌ಬಡ್ ಐಸ್‌ಕ್ರೀಮಿನಲ್ಲಿ ತಂಪೂ ಉಂಟು, ಸಿಹಿಯೂ ಉಂಟು. ಆ ಅಂಗಡಿಯ ಎದುರಿನ ರಸ್ತೆಯನ್ನೇ ಬಿಟ್ಟು ನಡೆದೆ.

"ಎಂತ, ಕೂಲಿ ಬೇನೆಯಾ? ಲವಂಗ ಇಟ್ಟುಕೊಳ್ಳಿ ಮಾರಾಯ್ರೆ," ಅಂದರು ಪಕ್ಕದ ಮನೆಯ ಅಕ್ಕ. ತುಳುವಿನಲ್ಲಿ ಕೂಲಿ ಅಂದರೆ ಹಲ್ಲು. ಅವರ ಮಾತು ಸುಳ್ಳಲ್ಲ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ನೋವನ್ನು ಮಂಕು ಮಾಡುತ್ತದೆ. ತಾತ್ಕಾಲಿಕ ಫಿಲ್ಲಿಂಗಿಗೆ ಡಾಕ್ಟರುಗಳೂ ಅದನ್ನೇ ಸತುವಿನ ಆಕ್ಸೈಡ್ ಪುಡಿಯೊಂದಿಗೆ ಕಲಸುತ್ತಾರೆ. ಹಲ್ಲಿನ ಕ್ಲಿನಿಕ್ಕಿಗೆ ಆ ವಾಸನೆ ಬಂದದ್ದು ಹಾಗೆ. ಆದರೆ ಸುರಿದುಕೊಳ್ಳುವಂಥದ್ದಲ್ಲ, ಒಸಡು ಉರಿಯುತ್ತದೆ. ಹತ್ತಿಗೆ ಒಂದು ಹನಿ ಸಾಕು. ಅವರ ಯಜಮಾನರು ಆಸ್ಪಿರಿನ್ ಮಾತ್ರೆಯನ್ನೇ ಹಲ್ಲಿನ ಬುಡಕ್ಕೆ ಒತ್ತಿ ಇಡಿ ಅಂದರು. ಅದಂತೂ ಬೇಡವೇ ಬೇಡ, ಒಸಡು ಸುಟ್ಟು ಬೆಳ್ಳಗಾಗುತ್ತದೆ. ಮಾತ್ರೆ ಇರುವುದು ನುಂಗಲಿಕ್ಕೆ, ಅಲ್ವಾ? ಉಗುರು ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಮುಖ ಊದಿ ಜ್ವರ ಬಂದರೆ ಮಾತ್ರ ಸೋಮವಾರಕ್ಕೆ ಕಾಯಬಾರದು, ಆಸ್ಪತ್ರೆಗೇ ಓಡಬೇಕು.

ನೋವಿಗಿಂತ ಕಾಡಿದ್ದು ಚೂಪು ಅಂಚು. ಅದಕ್ಕೆ ಮದ್ದು ಸಿಕ್ಕಿದ್ದು ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿರುವ ಅಕ್ಕನ ಮಗನ ಹತ್ತಿರ. ತಂತಿ ಚುಚ್ಚಿದರೆ ಹಚ್ಚಿಕೊಳ್ಳಲೆಂದು ಅವನಿಗೆ ಮೇಣದ ಪುಟ್ಟ ಪೆಟ್ಟಿಗೆ ಕೊಟ್ಟಿದ್ದಾರೆ. ಚಿವುಟಿ, ಬೆರಳಲ್ಲಿ ಉರುಟು ಮಾಡಿ, "ಮಾಮ, ಮೊದಲು ಹತ್ತಿಯಲ್ಲಿ ಒರೆಸಿ, ಒದ್ದೆ ಇದ್ದರೆ ನಿಲ್ಲುವುದಿಲ್ಲ" ಅಂದ. ಒತ್ತಿದೆ. ನಿಂತಿತು. ಊಟದ ಹೊತ್ತಿಗೆ ತೆಗೆಯುವುದು, ಆಮೇಲೆ ಹೊಸ ಉಂಡೆ ಒತ್ತುವುದು.

ಊಟದ ವಿಷಯದಲ್ಲಿ ನಮ್ಮೂರು ಹಲ್ಲು ಮುರಿದವರನ್ನು ಉಪವಾಸ ಹಾಕುವುದಿಲ್ಲ. ನೀರುದೋಸೆಗೆ ಹಲ್ಲೇ ಬೇಡ. ಕುಚ್ಚಲಕ್ಕಿ ಗಂಜಿ ಆರಲು ಬಿಟ್ಟು ಕುಡಿದರಾಯಿತು. ಗರಿಗರಿ ಕೋರಿರೊಟ್ಟಿ ಕೂಡ ಸಾರಿನಲ್ಲಿ ಮುಳುಗಿದರೆ ಮೆತ್ತಗಾಗಿ ದಾರಿಗೆ ಬರುತ್ತದೆ. ಸಂಕಟವಾದದ್ದು ಭಾನುವಾರದ ಆಟಿ ಕೂಟದಲ್ಲಿ. ಸುತ್ತ ಎಲ್ಲರೂ ಹಲಸಿನ ಹಪ್ಪಳ ಮುರಿಯುತ್ತಿದ್ದರು. ನಾನು ಪತ್ರೊಡೆಯನ್ನು ಎಡಗಡೆಯಲ್ಲೇ ಜಗಿಯುತ್ತಾ ಕೂತೆ.

ಸೋಮವಾರ ಕಾಲೇಜಿನಲ್ಲಿ ಚೀಟಿ ಮಾಡಿಸಿ ಕುರ್ಚಿ ಹತ್ತಿದೆ. ಹೆಸರು, ವಯಸ್ಸು ಬರೆದುಕೊಂಡ ಹುಡುಗಿ, ಏನು ತಿನ್ನುವಾಗ ಮುರಿಯಿತು ಅಂತ ಕೇಳಿದಳು. ಹೇಳಿದೆ. ದೂರದ ಊರಿನವಳಿರಬೇಕು, ಪೆನ್ನು ನಿಂತಿತು. ಹಿಂದೆ ಇದ್ದ ಮೇಡಂ ಬಗ್ಗಿ ನೋಡಿ, "ಬರ್ಕೊಳ್ಳಮ್ಮ, ಆಟಿಯಲ್ಲಿ ಇದು ಬರ್ತಾ ಇರ್ತದೆ" ಅಂದರು.