ಕ್ಯಾಸೆಟ್ಟಿನ ಮಗ್ಗುಲನ್ನು ತುಂಡು ಮಾಡಬೇಡಿ

ರಾಯಚೂರು, ಕೊಪ್ಪಳ ಸೀಮೆಯ ಭಜನಾ ಮಂಡಳಿಗಳ ಹಳೆಯ ಕ್ಯಾಸೆಟ್‌ಗಳು ಒಂದೊಂದಾಗಿ ಮೊಬೈಲಿಗೆ ಇಳಿಯುತ್ತಿವೆ. ಊರಿಗೆ ಬಂದಾಗ ಟ್ರಂಕಿನಿಂದ ತೆಗೆದು ಪುಣೆಗೋ ಮುಂಬೈಗೋ ಒಯ್ದು ಇಳಿಸುವ ಹೊರನಾಡಿನವರೂ ಇದ್ದಾರೆ. ಬಹಳ ಒಳ್ಳೆಯ ಕೆಲಸ. ಆದರೆ ಇಳಿಸಿದ ಕೂಡಲೇ 45 ನಿಮಿಷದ ಮಗ್ಗುಲನ್ನು, ಅಂದರೆ ಕ್ಯಾಸೆಟ್ಟಿನ ಒಂದು ಬದಿಯನ್ನು, ಎಂಟು ಹತ್ತು ತುಂಡು ಮಾಡಿ, ಇಡೀ ಮಗ್ಗುಲಿನ ಮೂಲ ಫೈಲನ್ನು ಅಳಿಸಿಬಿಡುತ್ತಾರೆ. ನನ್ನ ತಕರಾರು ಇಷ್ಟಕ್ಕೇ.

ಪುಣೆಯಲ್ಲಿ ಹಾಡು ಈಗ ಒಬ್ಬೊಬ್ಬರ ಕಿವಿಯೊಳಗಿದೆ. ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡವರು ಮೊದಲ ಹಾಡನ್ನಷ್ಟೇ ಆರಿಸುತ್ತಾರೆ, ಮುಂದಿನದನ್ನು ಆಪ್ ಆರಿಸುತ್ತದೆ. ಅದೇ ಊರಿನಲ್ಲಿ 1953ರಲ್ಲಿ ಶುರುವಾದ ಸವಾಯಿ ಗಂಧರ್ವ ಉತ್ಸವಕ್ಕೆ ಹೋದರೆ ಒಂದು ರಾಗಕ್ಕೆ ಒಂದು ತಾಸು ಕೊಟ್ಟು ಕೂರುವ ಜನ ಸಿಗುತ್ತಾರೆ. ತಾಳ್ಮೆ ಇನ್ನೂ ಇದೆ, ಕೈಯಲ್ಲಿರುವ ಸಾಧನಕ್ಕೆ ಅದು ಬೇಕಾಗಿಲ್ಲ. ಮಾನ್ವಿ, ಕುಷ್ಟಗಿ, ಸಿರುಗುಪ್ಪದ ಕಡೆ ರೀತಿಯೇ ಬೇರೆ. ಅಲ್ಲಿ ಟ್ರ್ಯಾಕ್ಟರಿನಲ್ಲಿ, ಗುಡಿಯ ಮೈಕಿನಲ್ಲಿ ಪೆನ್‌ಡ್ರೈವ್ ಹಾಡುತ್ತದೆ. ಒಬ್ಬರು ಹಾಕಿದ್ದು ಓಣಿಗೆಲ್ಲ ಕೇಳುತ್ತದೆ. ಎಷ್ಟೋ ಸಲ ಆ ಹಾಡುಗಳನ್ನು ಆರಿಸಿದವನು ಅದನ್ನು ತುಂಬಿಕೊಟ್ಟ ಮೊಬೈಲ್ ಅಂಗಡಿಯವನು.

ಹಾಡಿನ ಉದ್ದವನ್ನು ಗ್ರಾಮಫೋನ್ ತಟ್ಟೆಯೇ ಅಳೆದುಕೊಟ್ಟ ಕಾಲವೊಂದಿತ್ತು. ನಿಮಿಷಕ್ಕೆ 78 ಸುತ್ತಿನ ಹತ್ತಿಂಚಿನ ಪ್ಲೇಟಿನಲ್ಲಿ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಆಲಾಪ ಕುಗ್ಗಿಸಬೇಕು, ನುಡಿ ಬಿಡಬೇಕು. 1948ರಲ್ಲಿ ಬಂದ ಎಲ್‌ಪಿ ಎಂಬ ನಿಧಾನ ತಿರುಗುವ ತಟ್ಟೆ ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕೊಟ್ಟಿತು, ಆದರೆ ಅದನ್ನು ಮನೆಯಲ್ಲಿ ಮುದ್ರಿಸಿಕೊಳ್ಳಲು ಆಗದು. ಫಿಲಿಪ್ಸ್ 1963ರಲ್ಲಿ ಹೊರತಂದ ಕ್ಯಾಸೆಟ್ ಈ ಎರಡು ತೊಡಕನ್ನೂ ಬಿಡಿಸಿತು. ಸಿ-60ರಲ್ಲಿ ಮಗ್ಗುಲಿಗೆ 30 ನಿಮಿಷ, ಸಿ-90ರಲ್ಲಿ 45. ಟೇಪ್ ರೆಕಾರ್ಡರ್ ಇದ್ದವರೆಲ್ಲ ತುಂಬಿಕೊಳ್ಳಬಹುದು. ತತ್ವಪದದ ಮೇಳಕ್ಕೆ, ಮುದಗಲ್ಲಿನ ಮೊಹರಂನಲ್ಲಿ ಕರ್ಬಲಾದ ಕತೆ ಹೇಳುವ ರಿವಾಯತ್ ಪದಗಳಿಗೆ ಹೊಂದುವ ಅಳತೆ ಅದು. ರಾತ್ರಿಯಿಡೀ ಕಾವ್ಯ ಹಾಡುತ್ತಿದ್ದ ದರೋಜಿ ಈರಮ್ಮನವರ ಬುರ್ರಕಥೆಗೆ ಅದೂ ಸಾಲದು, ಆ ಮಾತು ಬೇರೆ.

ಈಗ ಉದ್ದಕ್ಕೆ ಮಿತಿಯೇ ಇಲ್ಲ. ಆದರೂ ಹಾಡು ಗಿಡ್ಡವಾಗುತ್ತಿದೆ. ಹಾಡು ಕೇಳಿಸುವ ಸ್ಪಾಟಿಫೈ ಆಪ್‌ನಲ್ಲಿ 30 ಸೆಕೆಂಡ್ ಕೇಳಿದರಷ್ಟೇ ಹಾಡನ್ನು ಒಮ್ಮೆ ಕೇಳಿದ ಲೆಕ್ಕ. ನಮ್ಮ ಭಜನೆ ಆ ಅಳತೆಗೆ ಒಗ್ಗುವುದಿಲ್ಲ. ಏಕತಾರಿ ಶ್ರುತಿ ಹಿಡಿದು, ಒಬ್ಬರು ಎತ್ತಿಕೊಟ್ಟು, ಮೇಳ ಪಲ್ಲವಿಗೆ ಬರುವಷ್ಟರಲ್ಲಿ ಒಂದು ನಿಮಿಷ ದಾಟಿರುತ್ತದೆ. ತುಂಡು ಮಾಡುವವರು ಮೊದಲು ಕತ್ತರಿಸುವುದು ಈ ನಿಮಿಷವನ್ನೇ. ಒಂದು ಪದ ಮುಗಿದು ಇನ್ನೊಂದಕ್ಕೆ ದಾಟುವ ಜಾಗವೂ ಅದರ ಜೊತೆ ಹೋಗುತ್ತದೆ. ಗುರುಸ್ತುತಿಯಿಂದ ಮಂಗಳದವರೆಗೆ ಮೇಳ ಹೇಗೆ ಏರಿತೆಂದು ತಿಳಿಯುವುದು ಅಲ್ಲೇ.

ಇಳಿಸುವುದಕ್ಕೆ ಮುಂಚೆ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೋಡಿಸಿ, ಪೂರ್ತಿ ಹಿಂದಕ್ಕೆ ತನ್ನಿ. ವರ್ಷಗಟ್ಟಲೆ ಸುತ್ತಿಕೊಂಡಿದ್ದ ಪಟ್ಟಿ ಸಡಿಲಾಗುತ್ತದೆ. ನಮ್ಮ ಬಿಸಿಲಿಗೆ ಕೆಡುವುದು ಹೆಚ್ಚಾಗಿ ಪಟ್ಟಿಯ ಹಿಂದಿರುವ ಪುಟ್ಟ ಉಣ್ಣೆಯ ಒತ್ತುಗುಂಡಿ. ಅಂಟು ಒಣಗಿ ಅದು ಉದುರಿದರೆ ದನಿ ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಪಟ್ಟಿಯನ್ನು ವರ್ಗಾಯಿಸಿದರೆ ಸರಿಹೋಗುತ್ತದೆ. ಟೇಪ್ ರೆಕಾರ್ಡರಿನಲ್ಲಿ ಪಟ್ಟಿಯನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದಾಗ ಕಂದು ಬಣ್ಣ ಬರುತ್ತದೆ. ಅದು ಪಟ್ಟಿಯಿಂದ ಉದುರಿದ ಕಬ್ಬಿಣದ ಆಕ್ಸೈಡ್. ಸಂಡೂರಿನ ಕೆಂಪು ಮಣ್ಣಿಗೆ ಬಣ್ಣ ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡೇ. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ತಾಳದ ಝಣತ್ಕಾರ ಎಲ್ಲಿ ಅತಿ ಸ್ಪಷ್ಟವೋ ಅಲ್ಲಿಗೆ ನಿಲ್ಲಿಸಿ.

ಟೇಪಿನ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಲೇಬಾರದು. ಮೊಬೈಲ್ ತಾನಾಗಿಯೇ ಸದ್ದು ಏರಿಳಿಸುತ್ತದೆ, ತಾಳ ಬಿದ್ದಾಗಲೆಲ್ಲ ಹಾಡುವವರ ದನಿ ಮುಳುಗುತ್ತದೆ. ವೈರ್ ಹಾಕಿ ಕಂಪ್ಯೂಟರಿಗೆ ಕೊಟ್ಟು, ಅತಿ ಜೋರಿನ ಸದ್ದು ರೆಕಾರ್ಡಿಂಗ್ ಸಾಫ್ಟ್‌ವೇರಿನ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. ಮೂಲವಾಗಿ ಉಳಿಸಿಕೊಳ್ಳಲು 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊ ವೇವ್ (WAV) ಫೈಲಾದರೆ 45 ನಿಮಿಷಕ್ಕೆ ಸುಮಾರು 780 ಎಂಬಿ ಆಗುತ್ತದೆ. ಹಂಚುವುದಕ್ಕೆ 128 ಕೆಬಿಪಿಎಸ್ ಎಂಪಿ3 ಮಾಡಿದರೆ 43 ಎಂಬಿ ಸಾಕು. ಟೇಪಿನ ‘ಸ್’ ಎನ್ನುವ ಸದ್ದನ್ನು ತೆಗೆಯುವ ಸಾಫ್ಟ್‌ವೇರ್ ಬಗ್ಗೆ ಎಚ್ಚರವಿರಲಿ. ತೆಗೆಯಬೇಕಾದ ಸದ್ದು ಇದೇ ಎಂದು ಅದಕ್ಕೆ ಮಾದರಿಯಾಗಿ ತೋರಿಸಿದ ತುಣುಕಿನಲ್ಲಿ ಏಕತಾರಿ ಮಿಡಿಯುತ್ತಿದ್ದರೆ ಅದು ಏಕತಾರಿಯನ್ನೂ ಸವರಿಹಾಕುತ್ತದೆ.

ಬೇಕಾದ ಪದವನ್ನೇ ಹುಡುಕಿ ಕೇಳಬೇಕೆನ್ನುವುದು ನ್ಯಾಯವೇ. ಅದಕ್ಕೆ ಕತ್ತರಿ ಬೇಕಿಲ್ಲ. ಯೂಟ್ಯೂಬಿಗೆ ಪೂರ್ತಿ ಮಗ್ಗುಲು ಏರಿಸಿ, ವಿವರಣೆಯಲ್ಲಿ 00:00ರಿಂದ ಶುರುಮಾಡಿ ಪ್ರತಿ ಪದದ ಸಮಯ ಬರೆದರೆ ಅದೇ ಅಧ್ಯಾಯಗಳಾಗಿ ಒಡೆದು ತೋರಿಸುತ್ತದೆ. ಕನಿಷ್ಠ ಮೂರು ಸಮಯಗಳಿರಬೇಕು. ಟ್ರ್ಯಾಕ್ಟರಿನ ಪ್ಲೇಯರ್ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಹಾಡುತ್ತದೆ ಎನ್ನುವವರು ನಕಲಿನಿಂದ ತುಂಡು ಮಾಡಿಕೊಳ್ಳಲಿ. ಆಗಲೂ ಹೆಸರಿನ ಮುಂದೆ 01, 02 ಹಾಕಿದರಷ್ಟೇ ಸಾಲದು, ಒಂದೊಂದನ್ನೇ ಅದೇ ಕ್ರಮದಲ್ಲಿ ಕಾಪಿ ಮಾಡಬೇಕು. ಅಗ್ಗದ ಪ್ಲೇಯರ್‌ಗಳು ಬಹುಮಟ್ಟಿಗೆ ಹೆಸರು ನೋಡುವುದಿಲ್ಲ, ಬರೆದ ಸರದಿಯಲ್ಲಿ ಹಾಡುತ್ತವೆ. ಮಂಗಳ ಮೊದಲು ಬಂದು ಗುರುಸ್ತುತಿ ಕೊನೆಗೆ ಬರುವುದು ಇದರಿಂದಲೇ. ಪೆನ್‌ಡ್ರೈವ್ 32 ಜಿಬಿಯದಿರಲಿ, ಫೈಲುಗಳನ್ನು ಜೋಡಿಸಿಡುವ ಹಳೆಯ ಪದ್ಧತಿಯಾದ ಫ್ಯಾಟ್32ಗೆ (FAT32) ಫಾರ್ಮ್ಯಾಟ್ ಆಗಿರಲಿ. 64 ಜಿಬಿಯವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ (exFAT) ಎಂಬ ಹೊಸ ಪದ್ಧತಿಯಲ್ಲಿ ಬರುತ್ತವೆ, ಹಳೆಯ ಪ್ಲೇಯರ್ ಅದನ್ನು ಓದುವುದಿಲ್ಲ.

ಕ್ಯಾಸೆಟ್ ಚೀಟಿಯ ಎರಡೂ ಬದಿಯ ಫೋಟೋ ತೆಗೆದು ಅದೇ ಫೋಲ್ಡರಿನಲ್ಲಿಡಿ. ಯಾವ ಊರು, ಯಾವ ಜಾತ್ರೆ, ಯಾರು ಹಾಡಿದ್ದು ಎಂದು ಗೊತ್ತಿರುವ ಹಿರಿಯರನ್ನು ಕೇಳಿ ಬರೆದಿಡಿ. ಎರಡು ಪದಗಳ ನಡುವೆ ಯಾರೋ ಕೆಮ್ಮುವುದು, ತಾಳದ ಜೋಡಿ ಕೆಳಗಿಡುವ ಸದ್ದು, ಹಿಂದಿನಿಂದ ‘ಇನ್ನೊಂದ್ ಹೇಳ್ರೀ’ ಎಂಬ ಹೆಣ್ಣುದನಿ ಬಂದರೆ ಅದು ಹಾಗೇ ಇರಲಿ.