ಹತ್ತು ಲಕ್ಷ ಜನ, ಒಂದು ಪಂಪು

ಮಂಗಳ ಗ್ರಹದಲ್ಲಿ ಹತ್ತು ಲಕ್ಷ ಜನರ ಊರು ಕಟ್ಟುವ ಮಾತು ಮತ್ತೆ ಎದ್ದಿದೆ. ಏಳಲಿ. ಚಿತ್ರಗಳಂತೂ ಸೊಗಸಾಗಿವೆ. ಗಾಜಿನ ಗುಮ್ಮಟ, ಒಳಗೆ ಗಿಡ ಮರ, ಅಗಲವಾದ ಬೀದಿ. ಎಷ್ಟು ಹುಡುಕಿದರೂ ಒಂದು ಕಕ್ಕಸು ಮಾತ್ರ ಕಣ್ಣಿಗೆ ಬೀಳಲಿಲ್ಲ. ಅಲ್ಲಿಗೆ ಹೋಗುವವರು ಅದನ್ನೆಲ್ಲ ಮೀರಿದ ಮಹಾನುಭಾವರೇ ಇರಬೇಕು.

ಸುನೀತಾ ವಿಲಿಯಮ್ಸ್, ಬುಚ್ ವಿಲ್ಮೋರ್ 2024ರ ಜೂನ್‌ನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಎಂಟು ದಿನಕ್ಕೆಂದು ಹೋಗಿ ಒಂಬತ್ತು ತಿಂಗಳು ಉಳಿದದ್ದು ಎಲ್ಲರಿಗೂ ಗೊತ್ತು. ಅವರ ಸೂಟ್‌ಕೇಸಿನ ಕಥೆ ಅಷ್ಟಾಗಿ ಓಡಲಿಲ್ಲ. ಅವರು ಹೊರಡುವ ಮುಂಚೆ ಆ ನಿಲ್ದಾಣದಲ್ಲಿ ಮೂತ್ರವನ್ನು ನೀರು ಮಾಡುವ ಯಂತ್ರದ ಪಂಪು ಕೈಕೊಟ್ಟಿತು. ಮೇಲಿದ್ದವರು ಮೂತ್ರವನ್ನು ಚೀಲ, ಟ್ಯಾಂಕುಗಳಲ್ಲಿ ತುಂಬಿಡಬೇಕಾಯಿತು. ಸುಮಾರು 70 ಕೆಜಿಯ ಹೊಸ ಪಂಪಿಗೆ ನೌಕೆಯಲ್ಲಿ ಜಾಗ ಬೇಕಲ್ಲ? ಇಬ್ಬರ ಬಟ್ಟೆಬರೆಯನ್ನು ಇಳಿಸಿ ಪಂಪನ್ನು ಹತ್ತಿಸಿದರು. ಎಂಟೇ ದಿನ ತಾನೇ, ಅಲ್ಲಿರುವ ಬಟ್ಟೆಯಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ!

ಇದು ನಡೆದದ್ದು ನೆಲದಿಂದ ಬರೀ 400 ಕಿಲೋಮೀಟರ್ ಎತ್ತರದಲ್ಲಿ. ಮಂಗಳಕ್ಕೆ ಹೊರಡಲು ಸರಿಯಾದ ಹೊತ್ತು ಬರುವುದೇ 26 ತಿಂಗಳಿಗೊಮ್ಮೆ.

ಆ ಯಂತ್ರದ ಹಿಂದಿನ ಕೆಲಸ ಸಾಮಾನ್ಯದ್ದಲ್ಲ. 2008ರಲ್ಲಿ ಮೇಲೆ ಹೋದದ್ದು ಕೆಲ ಕಾಲಕ್ಕೇ ಕಟ್ಟಿಕೊಳ್ಳತೊಡಗಿತು. ತೂಕವಿಲ್ಲದ ಕಡೆ ಮೂಳೆ ಸವೆಯುತ್ತದೆ, ಕ್ಯಾಲ್ಸಿಯಂ ಮೂತ್ರಕ್ಕೆ ಇಳಿಯುತ್ತದೆ. ಅದು ಒಳಗೆ ಜಿಪ್ಸಂ ಆಗಿ ಗಟ್ಟಿಯಾಯಿತು. ಗಗನಯಾತ್ರಿಗಳ ಮೂಳೆಯೇ ಯಂತ್ರದ ಗಂಟಲಿಗೆ ಸಿಕ್ಕಿಕೊಂಡಿತು ಅನ್ನಿ. ಅಲ್ಲಿಂದ ಎಂಜಿನಿಯರುಗಳು ಒದ್ದಾಡಿ 2023ರಲ್ಲಿ ಶೇ 98ರಷ್ಟು ನೀರನ್ನು ಮರಳಿ ಪಡೆದು ತೋರಿಸಿದರು. ಅವರನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ವೇದಿಕೆಯಲ್ಲಿ ಇರುವವರು ಬೇರೆ. 2016ರಲ್ಲೇ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್‌ನ ಇಲಾನ್ ಮಸ್ಕ್ ಸಾಹೇಬರು ಮಂಗಳದ ಟಿಕೆಟ್ಟು ಎರಡು ಲಕ್ಷ ಡಾಲರಿಗೆ ಇಳಿಯಬೇಕು ಎಂದು ಲೆಕ್ಕ ಹಾಕಿ ಕೊಟ್ಟಿದ್ದರು. ರಿಟರ್ನ್ ಬೇಕಾದವರಿಗೆ ಸೀಟಿನ ಚಿಂತೆಯೂ ಇಲ್ಲವಂತೆ, ನೌಕೆ ಹೇಗೂ ವಾಪಸ್ ಬರುತ್ತದೆ.

ನಿಜ ಹೇಳಬೇಕಂದ್ರೆ, ನಗಲು ಕೂಡ ಬೇಜಾರು ಬಂದಿದೆ. ನಿಲ್ದಾಣಕ್ಕೆ ಇವತ್ತಿಗೂ ಊಟ ಕೆಳಗಿಂದಲೇ ಹೋಗಬೇಕು, ಬಿಡಿಭಾಗವೂ ಅಷ್ಟೇ. ಇದನ್ನು ಗೊತ್ತಿದ್ದೂ ಮುಚ್ಚಿಟ್ಟು ಊರಿನ ಚಿತ್ರ ತೋರಿಸುವುದು ಕನಸಲ್ಲ, ಮೋಸ.

ಭೂಮಿಯ ಮೇಲೇ ಮಾಡಿ ತೋರಿಸಿ ಅನ್ನೋಣ ಅಂದರೆ ಅದೂ ಆಗಿದೆ. 1991ರಲ್ಲಿ ಅರಿಜೋನಾದ ಬಯೋಸ್ಫಿಯರ್ 2 ಎಂಬ ಗಾಜಿನ ಕಟ್ಟಡದೊಳಗೆ ಎಂಟು ಜನ ಎರಡು ವರ್ಷಕ್ಕೆ ಬಾಗಿಲು ಹಾಕಿಕೊಂಡರು. ಆಮ್ಲಜನಕ ಶೇ 21ರಿಂದ 14ರ ಹತ್ತಿರಕ್ಕೆ ಇಳಿಯಿತು. ಮಣ್ಣಿನ ಜೀವಿಗಳು ಅದನ್ನು ಉಸಿರಾಡಿ ಮುಗಿಸಿದ್ದವು, ಅವು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗೋಡೆಯ ಕಾಂಕ್ರೀಟು ಕುಡಿದುಬಿಟ್ಟಿತ್ತು. ಕೊನೆಗೆ ಹೊರಗಿಂದ ಆಮ್ಲಜನಕ ತುಂಬಿಸಬೇಕಾಯಿತು. ಪುಣ್ಯಕ್ಕೆ, ಗಾಜಿನಾಚೆ ಅದು ಸಿಗುವ ಗ್ರಹವೇ ಇತ್ತು.