ಮೂಲೆಯಲ್ಲಿ ಇರುತ್ತಿದ್ದ ಆ ಪುಟ್ಟ ಚೌಕ

ನಮ್ಮಪ್ಪ ಪೇಪರನ್ನು ಮುಖಪುಟದಿಂದ ಓದಿದವರೇ ಅಲ್ಲ. ಒಳಗೆ ಮೂಲೆಯಲ್ಲಿ ಜಲಾಶಯಗಳ ಮಟ್ಟ ಹಾಕಿರುತ್ತಾರಲ್ಲ, ಮೊದಲು ಅದು. ಆಲಮಟ್ಟಿ, ಗರಿಷ್ಠ 519.60 ಮೀಟರ್. ಇವತ್ತು ಎಷ್ಟಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಹಳೇ ಬಾಗಲಕೋಟೆಯ ನಮ್ಮ ಮನೆ ಆ ಹಿನ್ನೀರಿಗೇ ಹೋಯಿತು. ನವನಗರಕ್ಕೆ ಬಂದ ಮೇಲೂ ಚಾಳಿ ಬಿಡಲಿಲ್ಲ. ಓದಿ, 'ಹೂಂ' ಅಂದು, ಆಮೇಲೆ ಉಳಿದ ಪುಟ.

ಬೆಳಗ್ಗೆ ಧಾರವಾಡ ಆಕಾಶವಾಣಿ, ಅದು ಮುಗಿದರೆ ಚಹಾದಂಗಡಿ. ಅಲ್ಲಿ ಒಂದೇ ಪೇಪರ್ ಬಿಡಿಬಿಡಿಯಾಗಿ ನಾಲ್ಕು ಜನರ ಕೈಯಲ್ಲಿ. ಕ್ರಿಕೆಟ್ ಪುಟ ಹಿಡಿದವನು ಬಿಡುತ್ತಲೇ ಇರಲಿಲ್ಲ. ಜಗಳ ಜೋರು. ಆದರೂ ಎಲ್ಲರೂ ಓದಿದ್ದು ಒಂದೇ ಸುದ್ದಿ, ಹಾಗಾಗಿ ಜಗಳಕ್ಕೆ ಒಂದು ಬುಡ ಇರುತ್ತಿತ್ತು.

2016ರಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಈಗ ಅದೇ ಅಂಗಡಿಯಲ್ಲಿ "ಇಲ್ಲೆ ನೋಡ್ರಿ" ಅಂತ ಒಬ್ಬರು ಫೋನ್ ಹಿಡಿಯುತ್ತಾರೆ. ಎದುರಿನವರು ನೋಡುವುದಿಲ್ಲ, ತಮ್ಮದನ್ನು ತೋರಿಸುತ್ತಾರೆ.

ಫೋನನ್ನು ಬೈಯೋಕೆ ನನಗೆ ಬಾಯಿ ಬರುವುದಿಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ಆಲಮಟ್ಟಿಯಿಂದ ಬಿಡುವ ನೀರು 5 ಲಕ್ಷ ಕ್ಯುಸೆಕ್ ದಾಟಿತ್ತು. ಪೇಪರ್ ಬರುವಷ್ಟರಲ್ಲಿ ಲೆಕ್ಕ ಹಳೇದು. ಯಾವ ರಸ್ತೆ ಬಂದ್, ಯಾವ ಸೇತುವೆ ಮುಳುಗಿದೆ, ಎಲ್ಲ ತಿಳಿದದ್ದು ವಾಟ್ಸಾಪ್‌ನಲ್ಲೇ. ಡ್ಯಾಂ ಬಿರುಕು ಬಿಟ್ಟಿದೆ ಅನ್ನೋ ವಿಡಿಯೊ ಬಂದದ್ದೂ ಅದೇ ಗ್ರೂಪಿನಲ್ಲಿ. ಯಾವ ದೇಶದ ಡ್ಯಾಮೋ ಏನೋ! ಅತ್ತೆ ಆಗಲೇ ಗಂಟುಮೂಟೆ ಕಟ್ಟಿದ್ದರು.

ಸುಳ್ಳು ಸುದ್ದಿಗಿಂತ ನನಗೆ ಜಾಸ್ತಿ ಕಾಡುವುದು ಬೇರೆ. ಮೊದಲು ನಮಗೆ ಬೇಕಾದ ಸುದ್ದಿಯನ್ನು ನಾವೇ ಹುಡುಕಿ ಓದುತ್ತಿದ್ದೆವು. ಈಗ ಸುದ್ದಿಯೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ನಮಗೆ ಬೇಕಾದದ್ದು ಏನು ಅನ್ನೋದೇ ಮರೆತುಹೋಗುತ್ತದೆ.

ಕಳೆದ ಮಳೆಗಾಲದಲ್ಲಿ ನಾನೇ ಜಾಣತನ ಮಾಡಿ ಪೇಪರ್ ಬಿಡಿಸಿದೆ. ಸುಮ್ನೆ ಯಾಕೆ ದುಡ್ಡು, ಎಲ್ಲಾ ಫೋನಿನಲ್ಲೇ ಇದೆಯಲ್ಲ ಅಂತ. ಅಪ್ಪನಿಗೆ ಹುಡುಕುವುದನ್ನೂ ಕಲಿಸಿದೆ. ಒಂದು ದಿನ ಬೆಳಗ್ಗೆ ಕಟ್ಟೆ ಮೇಲೆ ಫೋನ್ ಹಿಡಿದು ಕೂತರು. ಮುಕ್ಕಾಲು ಗಂಟೆ ಆಯಿತು. ಯಾರೋ ಮೊಸಳೆ ಹಿಡಿಯೋದು, ಯಾರದೋ ಮದುವೆ ಜಗಳ, ಮಂಡಿನೋವಿಗೆ ಎಣ್ಣೆ. ಒಂದಾದ ಮೇಲೊಂದು.

"ಅಪ್ಪಾ, ನೀರ ಎಷ್ಟ ಐತಿ?" ಅಂದೆ.

ತಲೆ ಎತ್ತಿ ನನ್ನನ್ನೇ ನೋಡಿದರು. "ಅದನ್ನ ನೋಡಬೇಕಂತಲೇ ಕುಂತಿದ್ದೆ ನೋಡು."

ಅವತ್ತೇ ಪೇಪರ್ ಹಾಕೋ ಹುಡುಗನಿಗೆ ಫೋನ್ ಮಾಡಿ, ನಾಳೆಯಿಂದ ಮತ್ತೆ ಹಾಕಪಾ ಅಂದೆ. ದುಡ್ಡು ಫೋನ್‌ಪೇ ಮಾಡಿದೆ.